ವೇಗದ ದಂಡ ಬಿಟ್ಟು ಕಳ್ಳರನ್ನು ಹಿಡಿಯಬಾರದೇ?

ಪ್ರಶ್ನೆ: ಹೆದ್ದಾರಿಯಲ್ಲಿ ಬೈಕ್ ಮೇಲೆ ಹೋಗುವಾಗ ಜಾಲಿ ಮರದ ಮರೆಯಲ್ಲಿ ನಿಂತಿದ್ದ ಪೊಲೀಸರು ವೇಗ ಜಾಸ್ತಿ ಅಂತ ಸಾವಿರ ರೂಪಾಯಿ ದಂಡ ಹಾಕಿದರು. ಹೊಲದ ಪಂಪ್‌ಸೆಟ್ ಕೇಬಲ್ ಕಳುವಾಗಿದೆ ಎಂದು ದೂರು ಕೊಟ್ಟು ಐದು ತಿಂಗಳಾಯಿತು, ಸುದ್ದಿಯೇ ಇಲ್ಲ. ವೇಗದ ಕೇಸು ಕಡಿಮೆ ಮಾಡಿ ಕಳ್ಳರನ್ನು ಹುಡುಕಬಾರದೇ?
– ರೈತ, ರಾಯಚೂರು ಜಿಲ್ಲೆ

ಉತ್ತರ: ಕೇಬಲ್ ಹೋದರೆ ನೀರು ನಿಂತಿತು, ನೀರು ನಿಂತರೆ ಬೆಳೆ ಹೋಯಿತು. ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ವೇಗದ ತಪಾಸಣೆ ಬೇಡ ಎನ್ನಲು ನನ್ನಿಂದಾಗದು.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ 71 ಸಾವು ಅತಿವೇಗದ ಖಾತೆಯಲ್ಲಿವೆ. ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆ’ ಎಂದು ರೂಢಿಯಂತೆ ಬರೆಯುವುದುಂಟು. ಅಷ್ಟು ಕಳೆದು ನೋಡಿದರೂ ಉಳಿಯುವುದು ಸಣ್ಣ ಸಂಖ್ಯೆಯಲ್ಲ. ಭತ್ತದ ಸುಗ್ಗಿಯ ರಾತ್ರಿಯನ್ನೇ ನೆನೆಯಿರಿ. ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಚೀಲ ಹೇರಿಕೊಂಡು ನಿಧಾನ ಹೊರಟಿದೆ. 80ರ ವೇಗದ ಬೈಕು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ, ಅಂದರೆ ಕಣ್ಣು ಕಂಡು ಕೈ ಬ್ರೇಕ್ ಹಿಡಿಯುವಷ್ಟರಲ್ಲೇ ಅಷ್ಟು ದಾರಿ ಮುಗಿದಿರುತ್ತದೆ. 60ಕ್ಕೆ ಹೋಲಿಸಿದರೆ ಹೊಡೆತದ ಶಕ್ತಿ ಹೆಚ್ಚುಕಡಿಮೆ ಒಂದು ಮುಕ್ಕಾಲು ಪಟ್ಟು.

ಕಡಿಮೆಯಾಗಬೇಕಾದದ್ದು ಮರದ ಮರೆ. 2021ರ ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ ಸ್ಪೀಡ್ ಗನ್, ಕ್ಯಾಮೆರಾ ಇಡುವ ಜಾಗಕ್ಕೆ ಮುಂಚೆಯೇ ಎಚ್ಚರಿಕೆ ಫಲಕ ಇರಬೇಕು, ನೋಟಿಸು 15 ದಿನದೊಳಗೆ ಹೊರಡಬೇಕು, ಅದರಲ್ಲಿ ಫೋಟೊ, ಸಾಧನ ಅಳೆದ ವೇಗ, ಜಾಗ, ಸಮಯ ಇರಬೇಕು. ನಿಮ್ಮ ರಸೀದಿ ತೆಗೆದು ನೋಡಿ. ಬಾಕಿ ದಂಡ ಎಷ್ಟು ಗುಡ್ಡೆಬಿದ್ದಿತ್ತೆಂದರೆ 2023ರಲ್ಲಿ ರಾಜ್ಯ ಸರ್ಕಾರವೇ ಅರ್ಧ ರಿಯಾಯಿತಿ ಕೊಟ್ಟಿತು. ತಿಂಗಳುಗಟ್ಟಲೆ ಬಾಕಿ ಉಳಿಯುವ ಚಲನ್‌ನಿಂದ ಯಾರ ಆಕ್ಸಿಲರೇಟರೂ ಇಳಿಯುವುದಿಲ್ಲ. ಹುಲಿಗೆಮ್ಮನ ಹುಣ್ಣಿಮೆಗೆ ಜನ ಹೆದ್ದಾರಿಯ ಅಂಚಿನಲ್ಲಿ ನಡೆದು ಬರುವಾಗ, ಶಾಲೆ ಬಿಡುವ ಹೊತ್ತಿಗೆ ಊರ ಕ್ರಾಸಿನಲ್ಲಿ, ಎಲ್ಲರಿಗೂ ಕಾಣುವಂತೆ ಜೀಪು ನಿಲ್ಲಲಿ. ಅಲ್ಲಿ ಒಂದೂ ದಂಡ ಬೀಳದಿದ್ದರೆ ಆ ದಿನದ ಕೆಲಸ ಚೆನ್ನಾಗಿ ಆಯಿತೆಂದೇ ಲೆಕ್ಕ.

ಇನ್ನು ನಿಮ್ಮ ಕೇಬಲ್. ಎಫ್‌ಐಆರ್ ಆಗಿದ್ದರೆ, ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 193ನೇ ಕಲಂ ಹೇಳುತ್ತದೆ. ಆ ಗಡುವು ದಾಟಿದೆ; ಎಫ್‌ಐಆರ್ ಸಂಖ್ಯೆ ಹಾಕಿ ಲಿಖಿತವಾಗಿ ಕೇಳಿ. ದೂರು ದಾಖಲಾಗಿಯೇ ಇಲ್ಲವೆಂದಾದರೆ ಅದೇ ಸಂಹಿತೆಯ 173(4)ನೇ ಕಲಂ ಅಡಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅಂಚೆಯ ಚೀಟಿ ಜೋಪಾನವಾಗಿಟ್ಟುಕೊಳ್ಳಿ.