ಸಂಧಿವಾತಕ್ಕೆ ಕ್ಯಾನ್ಸರ್ ಮಾತ್ರೆ ಯಾಕೆ ಕೊಡ್ತಾರೆ?

ಅಮ್ಮನ ರುಮಟಾಯ್ಡ್ ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ಬರೆದಿದ್ದಾರೆ, ನೆಟ್‌ನಲ್ಲಿ ನೋಡಿದರೆ ಕ್ಯಾನ್ಸರ್ ಔಷಧಿ ಅಂತಿದೆ ಎಂದು ಕೇಳಿದ್ದೀರಿ. ಗಾಬರಿ ಬೇಡ. ಔಷಧಿ ಅದೇ, ಪ್ರಮಾಣ ಬೇರೆ.

ರುಮಟಾಯ್ಡ್ ಸಂಧಿವಾತ ಕೀಲು ಸವೆದು ಬರುವ ಮಂಡಿನೋವಲ್ಲ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಬೆಳಗ್ಗೆ ಎದ್ದಾಗ ಬೆರಳು ಮಡಚಲಾಗದೆ ಕಾಫಿ ಲೋಟ ಹಿಡಿಯಲೂ ಒದ್ದಾಡುತ್ತಾರಲ್ಲ, ಅದು ಈ ಉರಿಯೂತದ್ದೇ ಕೆಲಸ.

ಕ್ಯಾನ್ಸರಿಗೆ ಕೊಡುವ ದೊಡ್ಡ ಡೋಸ್ ಜೀವಕೋಶಗಳ ವಿಭಜನೆಯನ್ನೇ ನಿಲ್ಲಿಸುತ್ತದೆ. ಸಂಧಿವಾತಕ್ಕೆ ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಅಷ್ಟೇ. ಇಷ್ಟು ಕಡಿಮೆ ಪ್ರಮಾಣದಲ್ಲಿ ಅದು ಬಹುಮಟ್ಟಿಗೆ ಅಡೆನೊಸಿನ್ ಎಂಬ ವಸ್ತುವನ್ನು ಹೆಚ್ಚಿಸಿ ಉರಿಯೂತ ತಗ್ಗಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ್ದು ಈ ತಪ್ಪಿಗೆ: ವಾರಕ್ಕೊಮ್ಮೆಯ ಮಾತ್ರೆಯನ್ನು ದಿನಾ ನುಂಗುವುದು. ರಕ್ತಕಣ ತಯಾರಿಸುವ ಅಸ್ಥಿಮಜ್ಜೆ ಕೈಕೊಟ್ಟು ಜೀವಕ್ಕೇ ಅಪಾಯವಾದೀತು. ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗುವ ದಿನಕ್ಕೆ ಸುತ್ತು ಹಾಕಿಡಿ. ಜೊತೆಗೆ ಬರೆಯುವ ಫೋಲಿಕ್ ಆಸಿಡ್ ಮಾತ್ರೆಯೂ ಮೆಥೋಟ್ರೆಕ್ಸೇಟ್‌ನಂತೆ ಹಳದಿಯೇ ಇರಬಹುದು, ಡಬ್ಬಿ ಬೇರೆ ಮಾಡಿ. ರಕ್ತ, ಲಿವರ್ ಪರೀಕ್ಷೆ ತಪ್ಪಿಸಬೇಡಿ.

ಇದರಿಂದ ಹತೋಟಿಗೆ ಬರದಿದ್ದರೆ ಟಿಎನ್ಎಫ್ ಎಂಬ, ಉರಿಯೂತ ಹೆಚ್ಚಿಸುವ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ ಇದೆ. ಲಂಡನ್ನಿನಲ್ಲಿ ಸಂಶೋಧಕರಾದ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ 1992ರಲ್ಲಿ ಇದನ್ನು ಮೊದಲ ಬಾರಿಗೆ ಸಂಧಿವಾತದ ರೋಗಿಗಳಿಗೆ ಕೊಟ್ಟು ನೋಡಿದರು. ಆದರೆ ಎದೆಯಲ್ಲಿ ಸದ್ದಿಲ್ಲದೆ ಮಲಗಿರುವ ಕ್ಷಯವನ್ನು ಕಟ್ಟಿಹಾಕಲೂ ಇದೇ ಟಿಎನ್ಎಫ್ ಬೇಕು. ಹಾಗಾಗಿ ಇಂಜೆಕ್ಷನ್ನಿಗೆ ಮುಂಚೆ ಟಿಬಿ ಪರೀಕ್ಷೆ ಮಾಡಿಸುತ್ತಾರೆ.