ಆ ಸಹಾಯ ಬೇರೆಯವರು ಮಾಡಿದ್ದರೆ?

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ನನ್ನ ಬಳಿ ಬಂದ ಒಬ್ಬರ ಕಥೆ ಇದು. ಅವರಿಗೆ 42 ವರ್ಷ. ಯಾರಿಗೆ ಏನೇ ತೊಂದರೆಯಾದರೂ ಮೊದಲು ಫೋನ್ ಬರುವುದು ಇವರಿಗೇ. ಸಾಲ ಕೊಟ್ಟಿದ್ದಾರೆ, ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕೂತಿದ್ದಾರೆ, ಸಹೋದ್ಯೋಗಿಗಳ ಕೆಲಸ ಮುಗಿಸಿಕೊಟ್ಟು ತಮ್ಮದನ್ನು ಬಾಕಿ ಉಳಿಸಿಕೊಂಡಿದ್ದಾರೆ. ನನ್ನ ಬಳಿ ಬಂದಿದ್ದು ನಿದ್ದೆ ಬರುತ್ತಿಲ್ಲ ಎಂದು. ಕಾರಣ ಗೊತ್ತಾಗಿದ್ದು ಎರಡನೇ ಭೇಟಿಯಲ್ಲಿ. ಯಾವುದೋ ಜಗಳದಲ್ಲಿ ತಂಗಿ ಹೇಳಿದ್ದಳಂತೆ: "ಅಣ್ಣಾ, ನೀನು ಇದೆಲ್ಲ ಮಾಡೋದು ನಮಗೋಸ್ಕರ ಅಲ್ಲ. ಒಳ್ಳೆಯವನು ಅನ್ನಿಸಿಕೊಳ್ಳೋಕೆ."

"ಅವಳು ಹೇಳಿದ್ದು ಸರಿ ಮೇಡಂ. ಸಹಾಯ ಮಾಡಿದಾಗ ನನಗೆ ಖುಷಿಯಾಗುತ್ತೆ. ಅಂದ್ರೆ ಎಲ್ಲ ಸ್ವಾರ್ಥಾನೇ ಅಲ್ವಾ?"

ಆ ಮಾತು ಕೇಳಿದ ಮೇಲೆ ಅವರು ಇನ್ನೂ ಜಾಸ್ತಿ ಮಾಡತೊಡಗಿದ್ದರು. ತಮಗೆ ಕಷ್ಟವಾದರೆ ಮಾತ್ರ ಅದು ನಿಜವಾದ ಸಹಾಯ ಎಂಬ ಲೆಕ್ಕ. ಕೇಳಿ ನನಗೆ ಸಂಕಟವಾಯಿತು.

ನಾನು ಹೇಳಿದ್ದು ಇಷ್ಟು: ಖುಷಿ ಬರುವುದು ಬೇರೆ, ಖುಷಿಗಾಗಿ ಮಾಡುವುದು ಬೇರೆ. ಎದುರಿನವರು ಚೆನ್ನಾಗಿರಲಿ ಎಂದು ನಿಮಗೆ ಮೊದಲೇ ಅನಿಸದಿದ್ದರೆ, ಅವರು ಚೆನ್ನಾದಾಗ ಖುಷಿ ಎಲ್ಲಿಂದ ಬರುತ್ತದೆ?

ಆಮೇಲೆ ಒಂದು ಪ್ರಯೋಗದ ಬಗ್ಗೆ ಹೇಳಿದೆ. 1981ರಲ್ಲಿ ಮನೋವಿಜ್ಞಾನಿ ಡೇನಿಯಲ್ ಬ್ಯಾಟ್ಸನ್ ಮತ್ತು ಜೊತೆಗಾರರು ಅದನ್ನು ಪ್ರಕಟಿಸಿದರು. ಒಬ್ಬ ಹುಡುಗಿಗೆ ವಿದ್ಯುತ್ ಶಾಕ್ ಕೊಡುತ್ತಿದ್ದಾರೆ ಎಂದು ನಂಬಿಸಿ ವಿದ್ಯಾರ್ಥಿನಿಯರಿಗೆ ತೋರಿಸಿದರು. ಶಾಕ್ ನಿಜವಲ್ಲ, ನಟನೆ. ಅವಳ ಜಾಗದಲ್ಲಿ ನೀವು ಕೂರುತ್ತೀರಾ ಎಂದು ಕೇಳಿದರು. ಕೆಲವರಿಗೆ ಸ್ವಲ್ಪ ನೋಡಿ ಹೊರಟುಹೋಗುವ ಅವಕಾಶವೂ ಇತ್ತು. ತಮ್ಮ ಕಸಿವಿಸಿಯೇ ದೊಡ್ಡದಾಗಿದ್ದವರಲ್ಲಿ ಹೆಚ್ಚಿನವರು ಹೊರಟರು. ಅವಳ ಬಗ್ಗೆ ಮರುಗಿದವರಲ್ಲಿ ಬಹಳಷ್ಟು ಜನ, ಹೋಗಬಹುದಾಗಿದ್ದರೂ, ಅವಳ ಜಾಗಕ್ಕೆ ಬರಲು ಒಪ್ಪಿದರು. ಈ ಫಲಿತಾಂಶವನ್ನು ಬೇರೆ ರೀತಿ ಅರ್ಥಮಾಡುವವರೂ ಇದ್ದಾರೆ. ಆದರೂ ಕಸಿವಿಸಿಯನ್ನೂ ಮರುಕವನ್ನೂ ಬೇರೆ ಬೇರೆಯಾಗಿ ನೋಡುವುದು ಸಲಹೆಯ ಕೋಣೆಯಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ.

ಅದನ್ನೇ ಇಟ್ಟುಕೊಂಡು ಕೇಳಿದೆ: "ನೀವು ಹೋಗುವ ಮೊದಲೇ ಬೇರೆ ಯಾರೋ ಆ ಸಹಾಯ ಮಾಡಿ ಮುಗಿಸಿದ್ದರೆ ನಿಮಗೆ ಏನನಿಸುತ್ತಿತ್ತು?"

ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, ಆಸ್ಪತ್ರೆಯಲ್ಲಿದ್ದ ಗೆಳೆಯನ ವಿಷಯದಲ್ಲಾದರೆ ನೆಮ್ಮದಿ ಆಗುತ್ತಿತ್ತು ಎಂದರು. ಕಚೇರಿಯ ವಿಷಯದಲ್ಲಿ? "ನನ್ನನ್ನ ಯಾಕೆ ಕರೀಲಿಲ್ಲ ಅಂತ ಬೇಜಾರಾಗ್ತಿತ್ತು." ಹೇಳುವಾಗ ತಲೆ ತಗ್ಗಿಸಿದರು.

ತಗ್ಗಿಸಬೇಕಿರಲಿಲ್ಲ. ಬೇಕಾದವನು ಅನ್ನಿಸಿಕೊಳ್ಳುವ ಆಸೆ ನಮಗೆಲ್ಲ ಇದೆ. ಮರುಕ, ಈ ಆಸೆ ಎರಡೂ ಒಬ್ಬರಲ್ಲೇ ಇರುತ್ತವೆ, ಕೆಲವೊಮ್ಮೆ ಒಂದೇ ಕೆಲಸದಲ್ಲಿ. ಆ ಆಸೆಯನ್ನು ಕಿತ್ತುಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಅದಕ್ಕಾಗಿ ನಿದ್ದೆ, ದುಡ್ಡು, ಸ್ವಂತ ಕೆಲಸ ಕಳೆದುಕೊಳ್ಳುವುದು ಬೇಡ.

ಹಾಗಾಗಿ ಮೂರು ವಾರಕ್ಕೆ ಒಂದು ಅಭ್ಯಾಸ ಕೊಟ್ಟೆ. ಯಾರಾದರೂ ಸಹಾಯ ಕೇಳಿದರೆ, ಜೀವಕ್ಕೆ ಸಂಬಂಧಿಸಿದ ತುರ್ತು ಬಿಟ್ಟು, "ನಾಳೆ ಹೇಳ್ತೀನಿ" ಅನ್ನುವುದು. ರಾತ್ರಿ ನನ್ನ ಆ ಪ್ರಶ್ನೆಯನ್ನೇ ಕೇಳಿಕೊಳ್ಳುವುದು. ಬೇಜಾರಾಗುತ್ತಿತ್ತು ಎಂಬ ಉತ್ತರ ಬಂದರೆ, ತಮ್ಮ ಕೆಲಸ ಮುಗಿದು ಕೈಲಾದರೆ ಮಾತ್ರ ಹೂಂ ಅನ್ನುವುದು. ಜೊತೆಗೆ, ವಾರಕ್ಕೊಮ್ಮೆ ತಾವೇ ಯಾರನ್ನಾದರೂ ಚಿಕ್ಕ ಸಹಾಯ ಕೇಳುವುದು. ಅವರು ತುಂಬಾ ಹಿಂಜರಿದಿದ್ದು ಇದಕ್ಕೇ.

ಮೂರು ವಾರದ ನಂತರ ಬಂದರು. ಸಹೋದ್ಯೋಗಿಯೊಬ್ಬರಿಗೆ "ನಾಳೆ ಹೇಳ್ತೀನಿ" ಅಂದಿದ್ದರಂತೆ. ಆ ಸಹೋದ್ಯೋಗಿ ಬೇರೆಯವರ ಹತ್ತಿರ ಮಾಡಿಸಿಕೊಂಡರು. "ಒಂದು ಗಂಟೆ ಚಡಪಡಿಕೆ ಮೇಡಂ. ಆಮೇಲೆ ಮಲಗಿದೆ." ಸಹಾಯ ಕೇಳಿದ್ದು ಮೂರು ವಾರದಲ್ಲಿ ಒಂದೇ ಸಲ. ತಂಗಿಯ ಜೊತೆ ಇನ್ನೂ ಮಾತಾಡಿಲ್ಲ, ಅದನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.