‘ಚೋಮನ ದುಡಿ’ಯನ್ನು ಗ್ರಾಫಿಕ್ ಕಾದಂಬರಿಯಾಗಿಸಬಹುದೇ?

ಮೈಸೂರಿನಲ್ಲಿ ಚಿತ್ರಕಲೆ ಕಲಿಯುತ್ತಿರುವ ತಾವು, ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಗ್ರಾಫಿಕ್ ಕಾದಂಬರಿಯಾಗಿಸಿದರೆ, ಅಂದರೆ ಚಿತ್ರಗಳ ಸಾಲಿನಲ್ಲಿ ಹೇಳಿದರೆ, ಅದರ ನೋವು ಉಳಿದೀತೇ ಎಂದು ಕೇಳಿದ್ದೀರಿ. ಖಂಡಿತ ಉಳಿಯುತ್ತದೆ, ಆದರೆ ಕಾದಂಬರಿಯ ವಾಕ್ಯಗಳನ್ನೇ ಚೌಕಟ್ಟುಗಳ ತುಂಬ ತುರುಕಿದರೆ ಉಳಿಯುವುದಿಲ್ಲ. ಅಸ್ಪೃಶ್ಯತೆಯ ಕ್ರೌರ್ಯವಿರುವುದು ಮನುಷ್ಯರ ನಡುವಿನ ಅಂತರದಲ್ಲಿ, ಅದನ್ನು ತೋರಿಸುವ ಶಕ್ತಿ ಚಿತ್ರಕ್ಕೆ ಸಹಜವಾಗಿಯೇ ಇದೆ. ಧಣಿಯ ಜಗಲಿಗೂ ಅವನ ಅಸ್ಪೃಶ್ಯ ಜೀತದಾಳು ಚೋಮ ನಿಂತಿರುವ ಜಾಗಕ್ಕೂ ನಡುವಿನ ಖಾಲಿ ಅಂಗಳಕ್ಕೆ ಪುಟದ ಮುಕ್ಕಾಲು ಭಾಗ ಕೊಡಿ. ಚೋಮನ ಮಗ ನೀರಿನಲ್ಲಿ ಮುಳುಗುವಾಗ ಮುಟ್ಟಲು ಹಿಂಜರಿದ ಜನರನ್ನು, ಮಾತೇ ಇಲ್ಲದ ಸಾಲು ಚೌಕಟ್ಟುಗಳಲ್ಲಿ, ದಡ ಕದಲದೆ ನೀರು ಮಾತ್ರ ಬದಲಾಗುವಂತೆ ಬರೆಯಿರಿ. ಇಡೀ ಕೆಲಸದ ಅತ್ಯಂತ ಕಠಿಣ ಪರೀಕ್ಷೆ ಇದೇ ಎಂದು ನನ್ನ ಅಭಿಪ್ರಾಯ. ಚೋಮ ಬಾರಿಸುವ ಚರ್ಮವಾದ್ಯವಾದ ದುಡಿಯ ನಾದಕ್ಕೆ ದೊಡ್ಡ ಅಕ್ಷರಗಳು ಬೇಡ, ಬಡಿಯುವ ಕೈಯ ಚಿತ್ರ ಮತ್ತೆ ಮತ್ತೆ ಬಂದರೆ ಸಾಕು.

ನಮ್ಮ ಮಂಡ್ಯದ ನಾಲೆ ಬಯಲಿನ ಗದ್ದೆಗಳನ್ನು ಹಿನ್ನೆಲೆಯಾಗಿ ಬರೆಯಬೇಡಿ. ಕಥೆ ಕರಾವಳಿ ಸೀಮೆಯದು.

ಕಾರಂತರು 1997ರಲ್ಲಿ ನಿಧನರಾದುದರಿಂದ ಕೃತಿಸ್ವಾಮ್ಯ 2057ರ ಕೊನೆಯವರೆಗೂ ಇರುತ್ತದೆ. ಚಿತ್ರಗಳ ಮೂಲಕ ಕಥೆ ಹೇಳುವುದನ್ನೂ 1957ರ ಕೃತಿಸ್ವಾಮ್ಯ ಕಾಯ್ದೆ ರೂಪಾಂತರವೆಂದೇ ಪರಿಗಣಿಸುವುದರಿಂದ, ಪ್ರಕಟಣೆಗೆ ಮೊದಲು ಹಕ್ಕುದಾರರ ಲಿಖಿತ ಅನುಮತಿ ಪಡೆಯಬೇಕು.